ಶುಗರ್, ಬಿಪಿ ಸರಿಯಿದ್ದರೂ ಹಿರಿಯರು ಮಂಕಾಗುವುದೇಕೆ? ಕಾಗ್ನಿಟಿವ್ ಫ್ರೇಲ್ಟಿಗೂ ಒಡನಾಟಕ್ಕೂ ಇರುವ ನಂಟು

ಶುಗರ್ ಹತೋಟಿಯಲ್ಲಿದೆ. ಬಿಪಿ ಮಾತ್ರೆ ತಪ್ಪದೆ ನುಂಗುತ್ತಾರೆ. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಹೆದರುವಂಥದ್ದೇನೂ ಇಲ್ಲ. ಆದರೂ ಮನೆಯ ಹಿರಿಯರು ಒಂದೆರಡು ವರ್ಷಗಳಲ್ಲಿ ಏನೋ ಕುಗ್ಗಿದ ಹಾಗೆ ಕಾಣುತ್ತಾರೆ. ನಡಿಗೆ ನಿಧಾನವಾಗಿದೆ. ಕುರ್ಚಿಯಿಂದ ಏಳಲು ಕೈ ಊರಬೇಕು. ಮಾತಿನ ನಡುವೆ ಬೇಕಾದ ಪದ ಸಿಗುವುದಿಲ್ಲ. ಬ್ಯಾಂಕಿನ ಲೆಕ್ಕವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದವರು ಈಗ "ನೀವೇ ನೋಡ್ಕೊಳ್ಳಿ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ "ವಯಸ್ಸಾಯ್ತಲ್ಲ" ಅನ್ನುವ ಉತ್ತರ. ಮಾತು ಅಲ್ಲಿಗೆ ಮುಗಿಯುತ್ತದೆ.

ಅಲ್ಲಿಗೆ ಮುಗಿಯಬಾರದು. ದೇಹ ಮತ್ತು ಬುದ್ಧಿ ಎರಡೂ ಒಟ್ಟಿಗೆ ಸೊರಗುವ ಈ ಸ್ಥಿತಿಗೆ ವೈದ್ಯಶಾಸ್ತ್ರ 'ಕಾಗ್ನಿಟಿವ್ ಫ್ರೇಲ್ಟಿ' ಎಂಬ ಹೆಸರು ಕೊಟ್ಟಿದೆ. ದೀರ್ಘಕಾಲದ ಕಾಯಿಲೆ ಇರುವ ಹಿರಿಯರಲ್ಲಿ ಇದು ಜಾಸ್ತಿ. ಬೇಗ ಗುರುತಿಸಿದರೆ ಇದರ ಓಟವನ್ನು ತಡೆಯಬಹುದು, ಕೆಲವರಲ್ಲಿ ಹಿಂದಕ್ಕೂ ತಿರುಗಿಸಬಹುದು. ಹಾಗೆ ತಡೆಯುವ ದಾರಿಗಳಲ್ಲಿ ಮಾತ್ರೆಯ ಜೊತೆಗೆ ಮನುಷ್ಯರ ಒಡನಾಟವೂ ಸೇರಿದೆ ಎನ್ನುವುದು ಈಗ ವೈದ್ಯರೇ ಹೇಳುತ್ತಿರುವ ಮಾತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆ. ಒಂಟಿತನ ಮನಸ್ಸಿನ ಬೇಸರ ಮಾತ್ರ ಅಂದುಕೊಂಡಿದ್ದವರಿಗೆ ಈ ಲೆಕ್ಕ ನಂಬುವುದು ಕಷ್ಟ. ಒಡನಾಟ ಕಮ್ಮಿಯಾದರೆ ಮಿದುಳು, ಸ್ನಾಯು, ರಕ್ತನಾಳ ಎಲ್ಲಕ್ಕೂ ಏಟು ಬೀಳುವುದು ಹೇಗೆ? ಬುಡದಿಂದ ನೋಡೋಣ.

ಫ್ರೇಲ್ಟಿ ಅಂದರೆ ಏನು?

ಮೊದಲು ದೇಹದ ವಿಷಯ. ನಮ್ಮ ಅಂಗಗಳಲ್ಲಿ ದಿನದ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ. ಸಂಸಾರದಲ್ಲಿ ಇಡುಗಂಟು ಇದ್ದ ಹಾಗೆ. ಅದು ಇರುವವರೆಗೆ ದಿಢೀರ್ ಖರ್ಚು ಬಂದರೂ ಮನೆ ಅಲುಗಾಡುವುದಿಲ್ಲ. ಅದು ಕರಗಿದ ಮೇಲೆ ಸಣ್ಣ ಖರ್ಚಿಗೂ ಸಾಲ ಮಾಡಬೇಕು. ದೇಹದ ಇಡುಗಂಟು ಹೀಗೆ ಕರಗಿರುವ ಸ್ಥಿತಿಯೇ ಫ್ರೇಲ್ಟಿ. ಗಟ್ಟಿಮುಟ್ಟಾದವರು ನಾಲ್ಕು ದಿನ ಜ್ವರ ಬಂದರೂ ಎದ್ದು ಓಡಾಡುತ್ತಾರೆ. ಫ್ರೇಲ್ಟಿ ಇರುವವರು ಅದೇ ಜ್ವರ ಬಿಟ್ಟ ಮೇಲೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುತ್ತಾರೆ. ತಿಂಗಳು ಕಳೆದರೂ ಮೊದಲಿನಂತೆ ಆಗುವುದಿಲ್ಲ.

ಇದನ್ನು ಅಳೆಯುವ ದಾರಿಯನ್ನು ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ತಂಡ 2001ರಲ್ಲಿ ಹಾಕಿಕೊಟ್ಟಿತು. ಅವರು ನೋಡಿದ್ದು ಐದು ಲಕ್ಷಣ. ಬೇಕೆಂದು ಇಳಿಸದೆಯೂ ವರ್ಷದಲ್ಲಿ ನಾಲ್ಕೂವರೆ ಕಿಲೋಗಿಂತ ಜಾಸ್ತಿ ತೂಕ ಇಳಿದಿರುವುದು. ಯಾವ ಕೆಲಸಕ್ಕೆ ಕೈಹಾಕಿದರೂ ಸುಸ್ತು ಅನ್ನಿಸುವುದು. ಕೈಹಿಡಿತ ಸಡಿಲವಾಗಿರುವುದು. ನಡಿಗೆ ನಿಧಾನವಾಗಿರುವುದು. ಓಡಾಟವೇ ಕಮ್ಮಿಯಾಗಿರುವುದು. ಮೂರು ಅಥವಾ ಹೆಚ್ಚು ಲಕ್ಷಣ ಇದ್ದರೆ ಫ್ರೇಲ್ಟಿ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದರ್ಥ.

ಮಿದುಳಿಗೂ ಇಂಥ ಮೀಸಲು ಉಂಟು. ಓದು, ಕೆಲಸ, ಹವ್ಯಾಸ, ಜನರ ಜೊತೆಗಿನ ಬಳಕೆ ಇವೆಲ್ಲ ಅದನ್ನು ಬೆಳೆಸುತ್ತವೆ. ಮಿದುಳಿನಲ್ಲಿ ಒಂದೇ ಮಟ್ಟದ ಹಾನಿ ಆಗಿದ್ದರೂ ಒಬ್ಬರು ಚುರುಕಾಗಿಯೇ ಇರುತ್ತಾರೆ, ಇನ್ನೊಬ್ಬರು ಎಡವುತ್ತಾರೆ. ಈ ವ್ಯತ್ಯಾಸಕ್ಕೆ ಒಂದು ಕಾರಣ ಆ ಮೀಸಲು.

ಬರೀ ಮರೆವಲ್ಲ, ಡಿಮೆನ್ಷಿಯಾವೂ ಅಲ್ಲ

2013ರಲ್ಲಿ ವೃದ್ಧಾಪ್ಯದ ಬಗ್ಗೆ ಅಧ್ಯಯನ ಮಾಡುವ ಎರಡು ಅಂತರರಾಷ್ಟ್ರೀಯ ಸಂಘಟನೆಗಳ ತಜ್ಞರು ಒಟ್ಟಿಗೆ ಕೂತು ಕಾಗ್ನಿಟಿವ್ ಫ್ರೇಲ್ಟಿಗೆ ಒಂದು ವಿವರಣೆ ಬರೆದರು. ದೇಹದ ಫ್ರೇಲ್ಟಿ ಇರಬೇಕು. ಜೊತೆಗೆ ನೆನಪು, ಗಮನ, ಯೋಚನೆಯಲ್ಲಿ ಸಣ್ಣ ಕುಸಿತವೂ ಇರಬೇಕು. ಆದರೆ ಆಲ್ಝೈಮರ್ ಅಥವಾ ಬೇರೆ ಬಗೆಯ ಡಿಮೆನ್ಷಿಯಾ ಇರಬಾರದು. ಮೂರೂ ಕೂಡಿದರೆ ಅದು ಕಾಗ್ನಿಟಿವ್ ಫ್ರೇಲ್ಟಿ.

ಡಿಮೆನ್ಷಿಯಾ ಬಂದವರಿಗೆ ಹಣ ಎಣಿಸುವುದು, ಬಟ್ಟೆ ಹಾಕಿಕೊಳ್ಳುವುದು, ದಾರಿ ಹುಡುಕುವುದು ಇಂಥ ಕೆಲಸಗಳೇ ಕೈಬಿಟ್ಟು ಹೋಗುತ್ತವೆ. ಕಾಗ್ನಿಟಿವ್ ಫ್ರೇಲ್ಟಿಯಲ್ಲಿ ಕೆಲಸಗಳು ಬಹುಮಟ್ಟಿಗೆ ನಡೆಯುತ್ತವೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ತಪ್ಪು ಜಾಸ್ತಿ ಆಗುತ್ತದೆ, ಬೇಗ ದಣಿವಾಗುತ್ತದೆ. ಹೊರಗಿನವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಮನೆಯವರ ಕಣ್ಣಿಗೆ ಬಿದ್ದರೂ ವಯಸ್ಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಳವಳದ ಸಂಗತಿ ಅದೇ. ಯಾಕೆಂದರೆ ದೇಹವೋ ಬುದ್ಧಿಯೋ ಒಂದೇ ಕುಗ್ಗಿದವರಿಗಿಂತ ಎರಡೂ ಒಟ್ಟಿಗೆ ಕುಗ್ಗಿದವರಿಗೆ ಮುಂದೆ ಬೀಳುವ, ಆಸ್ಪತ್ರೆ ಸೇರುವ, ಪರಾವಲಂಬಿಗಳಾಗುವ, ಡಿಮೆನ್ಷಿಯಾಕ್ಕೆ ಜಾರುವ ಅಪಾಯ ಜಾಸ್ತಿ ಎಂದು ವರ್ಷಗಟ್ಟಲೆ ಹಿರಿಯರನ್ನು ಗಮನಿಸಿದ ಅಧ್ಯಯನಗಳು ತೋರಿಸಿವೆ. ದೇಹ ಕುಗ್ಗಿದ್ದಕ್ಕೂ ಬುದ್ಧಿ ಮಂಕಾಗಿದ್ದಕ್ಕೂ ಎಷ್ಟೋ ಸಲ ಬೇರು ಒಂದೇ ಆಗಿರುತ್ತದೆ.

ಕಾಯಿಲೆ ಇದ್ದವರಲ್ಲೇ ಯಾಕೆ ಜಾಸ್ತಿ?

ಆ ಬೇರು ಬಹಳ ಸಲ ಹತ್ತಾರು ವರ್ಷಗಳ ಹಳೆಯ ಕಾಯಿಲೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ. ಆದರೆ ದೇಹ ವಿಶ್ರಾಂತಿಯಲ್ಲಿದ್ದಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಅದನ್ನು ಮುಟ್ಟಿಸುವುದು ಕೂದಲಿನಷ್ಟು ಸಣ್ಣ ರಕ್ತನಾಳಗಳು. ಬಿಪಿ ಮತ್ತು ಸಕ್ಕರೆ ಕಾಯಿಲೆ ಮೊದಲು ಕೆಡಿಸುವುದು ಈ ಸಣ್ಣ ನಾಳಗಳನ್ನೇ. ಶುಗರ್ ಮೇಲೇರಿದರೂ ಕಷ್ಟ, ಔಷಧದಿಂದ ತೀರಾ ಕೆಳಗಿಳಿದರೂ ಕಷ್ಟ. ಹೃದಯದ ಕಾಯಿಲೆಯಲ್ಲಿ ರಕ್ತ ತಲುಪುವುದು ಕಮ್ಮಿ, ಶ್ವಾಸಕೋಶದ ಕಾಯಿಲೆಯಲ್ಲಿ ಆಮ್ಲಜನಕ ಕಮ್ಮಿ. ಇಂಥ ಕಾಯಿಲೆಗಳಲ್ಲಿ ದೇಹದೊಳಗೆ ಒಂದು ಬಗೆಯ ಸಣ್ಣ ಉರಿಯೂತ ಸದಾ ನಡೆಯುತ್ತಿರುತ್ತದೆ. ಜ್ವರವಿಲ್ಲ, ಊತವಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಅದು ಸ್ನಾಯುವನ್ನೂ ಸವೆಸುತ್ತದೆ, ಮಿದುಳನ್ನೂ ಕಾಡುತ್ತದೆ.

ಔಷಧಗಳ ಪಾಲೂ ಇದೆ. ದಿನಕ್ಕೆ ಐದೋ ಹೆಚ್ಚೋ ಬಗೆಯ ಮಾತ್ರೆ ನುಂಗುವ ಹಿರಿಯರು ಎಷ್ಟೊಂದು ಜನ, ಅಲ್ವಾ? ಹಳೆಯ ಕಾಲದ ಕೆಲವು ಅಲರ್ಜಿ ಮಾತ್ರೆಗಳು, ಕೆಲವು ನಿದ್ರೆ ಮಾತ್ರೆಗಳು, ಮೂತ್ರ ತಡೆಯಲಾಗದವರಿಗೆ ಕೊಡುವ ಕೆಲವು ಔಷಧಗಳು ವಯಸ್ಸಾದವರಲ್ಲಿ ಮಂಕು ತರಬಲ್ಲವು. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಮ್ಮಿಯಾಗಬಹುದು. ಅದು ಕಮ್ಮಿಯಾದರೆ ನೆನಪೂ ನಡಿಗೆಯೂ ಕೆಡುತ್ತವೆ. ಇದು ಸರಿಪಡಿಸಬಹುದಾದ ಕಾರಣ.

ಆದರೆ ಕಾಯಿಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರ ಬಗ್ಗೆ ನಾವು ಮಾತಾಡುವುದು ಕಮ್ಮಿ. ಅದು ಜನರಿಂದ ದೂರ ಮಾಡುತ್ತದೆ.

ಒಂದೇ ಒಂದು ಮಾತ್ರೆಯನ್ನು ಹತ್ತಿರದಿಂದ ನೋಡಿ. ಹೃದಯ ಸೋತವರಿಗೆ, ಕಾಲು ಊದಿಕೊಂಡವರಿಗೆ ದೇಹದ ನೀರು ಇಳಿಸುವ ಮಾತ್ರೆ ಕೊಡುತ್ತಾರೆ. ಬೆಳಗ್ಗೆ ನುಂಗಿದ ಮೇಲೆ ಕೆಲವು ಗಂಟೆ ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕು. ಹೊರಗೆ ಹೋದಲ್ಲಿ ಶೌಚಾಲಯ ಎಲ್ಲಿದೆಯೋ ಗೊತ್ತಿಲ್ಲ. ಹುಡುಕುವಷ್ಟು ವೇಗವಾಗಿ ನಡೆಯಲು ಮಂಡಿ ಬಿಡುವುದಿಲ್ಲ. ಬಟ್ಟೆ ಒದ್ದೆಯಾದರೆ ಅನ್ನುವ ಭಯ. ಹಾಗಾಗಿ ಬೆಳಗಿನ ವಾಕಿಂಗ್ ನಿಲ್ಲುತ್ತದೆ. ವಾಕಿಂಗ್ ನಿಂತ ಮೇಲೆ ಅಲ್ಲಿ ಸಿಗುತ್ತಿದ್ದ ನಾಲ್ಕು ಜನ ತಪ್ಪುತ್ತಾರೆ. ಆಮೇಲೆ ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ. ಕೇಳಿದವರಿಗೆಲ್ಲ "ಯಾಕೋ ಮನಸ್ಸಿಲ್ಲ" ಅನ್ನುತ್ತಾರೆ. ನಿಜವಾದ ಕಾರಣ ಹೇಳಲು ನಾಚಿಕೆ. ಆ ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದ್ದರೆ ಸಾಕಿತ್ತು. ಎಷ್ಟೋ ಸಲ ಬದಲಿಸಬಹುದು. ಕೇಳುವವರಿಲ್ಲ ಅಷ್ಟೇ.

ಉಬ್ಬಸ ಇರುವವರು ಮೆಟ್ಟಿಲು ಹತ್ತಲಾಗದೆ ಸ್ನೇಹಿತರ ಮನೆ ಬಿಡುತ್ತಾರೆ. ಕೈ ನಡುಗುವವರು ಇತರರ ಮುಂದೆ ಊಟ ಮಾಡಲು ಒಪ್ಪುವುದಿಲ್ಲ. ಪಥ್ಯದವರು "ನನ್ನಿಂದ ಬೇರೆಯವರಿಗೆ ತೊಂದರೆ ಯಾಕೆ" ಎಂದು ಕರೆದಲ್ಲಿಗೆ ಹೋಗುವುದಿಲ್ಲ. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗುತ್ತದೆ.

ಜನ ಇಲ್ಲದಿರುವುದು ಬೇರೆ, ಒಂಟಿತನ ಬೇರೆ

ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಮಾತಾಡಲು, ನೆರವಾಗಲು ಜನರ ಸಂಪರ್ಕವೇ ಕಮ್ಮಿ ಇರುವುದು ಒಂದು. ಅದನ್ನು ಎಣಿಸಬಹುದು. ವಾರಕ್ಕೆ ಎಷ್ಟು ಜನ ಸಿಕ್ಕರು, ಎಷ್ಟು ಫೋನ್ ಬಂತು, ಎಷ್ಟು ಸಲ ಹೊರಗೆ ಹೋದರು ಅಂತ. ಇನ್ನೊಂದು, ತನಗೆ ಬೇಕಾದಷ್ಟು ಆಪ್ತತೆ ಸಿಗುತ್ತಿಲ್ಲ ಎಂಬ ನೋವು. ಅದು ಅವರಿಗೆ ಮಾತ್ರ ಗೊತ್ತು. ಒಬ್ಬರೇ ಇದ್ದು ಹಾಯಾಗಿರುವವರಿದ್ದಾರೆ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಒಂಟಿತನದಿಂದ ನವೆಯುವವರೂ ಇದ್ದಾರೆ. "ಮನೆ ತುಂಬಾ ಜನ ಇದ್ದೇವಲ್ಲ, ಅವರಿಗೇನು ಒಂಟಿತನ?" ಎನ್ನುವ ಪ್ರಶ್ನೆ ಹುಟ್ಟುವುದೇ ಇವೆರಡನ್ನು ಒಂದೇ ಅಂದುಕೊಂಡಾಗ.

ಎರಡೂ ಆರೋಗ್ಯಕ್ಕೆ ಕೆಟ್ಟವೇ. ಅಮೆರಿಕದ ಷಿಕಾಗೋದಲ್ಲಿ 800ಕ್ಕೂ ಹೆಚ್ಚು ಹಿರಿಯರನ್ನು ಹಲವು ವರ್ಷ ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೀರಾ ಒಂಟಿತನ ಅನುಭವಿಸುತ್ತಿದ್ದವರಿಗೆ ಆಲ್ಝೈಮರ್ ಬರುವ ಅಪಾಯ ಹಾಗಿಲ್ಲದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. 2010ರಲ್ಲಿ ಜೂಲಿಯಾನ್ ಹೋಲ್ಟ್ ಲನ್‌ಸ್ಟಾಡ್ ಮತ್ತು ಜೊತೆಗಾರರು 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿಯಾದ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ನೂರಕ್ಕೆ ಐವತ್ತರಷ್ಟು ಜಾಸ್ತಿ ಇತ್ತು. 2024ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾಕ್ಕೆ ದಾರಿಮಾಡುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನದ ಸಾಲಿನಲ್ಲೇ ಜನರಿಂದ ದೂರವಾಗಿರುವುದೂ ಇದೆ. 14ನ್ನೂ ಸರಿಪಡಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು.

ಒಂದು ಹರಟೆಯಲ್ಲಿ ಮಿದುಳು ಏನೇನು ಮಾಡುತ್ತದೆ?

ಇಬ್ಬರು ಹಳೆಯ ಸಹೋದ್ಯೋಗಿಗಳು ಕೂತು ಮಾತಾಡುತ್ತಿದ್ದಾರೆ ಎನ್ನಿ. "ನಮ್ಮ ಆಫೀಸಿನಲ್ಲಿ ಆ ಉದ್ದನೆಯ ಮನುಷ್ಯ ಇದ್ದನಲ್ಲ, ಸೈಕಲ್‌ನಲ್ಲಿ ಬರ್ತಿದ್ದ..." ಎಂದು ಒಬ್ಬರು ಶುರು ಮಾಡುತ್ತಾರೆ. ಕೇಳುವವರ ಮಿದುಳು ಮೊದಲು ಸುತ್ತಲಿನ ಸದ್ದಿನಿಂದ ಮಾತನ್ನು ಬೇರ್ಪಡಿಸಬೇಕು. ಮುಖ ನೋಡಿ, ಇದು ತಮಾಷೆಯೋ ದುಃಖದ ಸುದ್ದಿಯೋ ಊಹಿಸಬೇಕು. ಮೂವತ್ತು ವರ್ಷ ಹಿಂದಿನ ಒಂದು ಮುಖವನ್ನು ಹುಡುಕಿ ತೆಗೆಯಬೇಕು. ಹೆಸರು ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಅದನ್ನು ಹುಡುಕುತ್ತಲೇ ಎದುರಿನವರ ಮುಂದಿನ ಮಾತು ಹಿಡಿಯಬೇಕು. ತಾನು ಹೇಳಬೇಕೆಂದಿದ್ದನ್ನು ಸರದಿ ಬರುವ ತನಕ ತಡೆದಿಟ್ಟುಕೊಳ್ಳಬೇಕು. ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು. ಅಂದರೆ ಕೇಳುತ್ತಿರುವಾಗಲೇ ಉತ್ತರ ತಯಾರಾಗುತ್ತಿರಬೇಕು. ನೆನಪು, ಗಮನ, ಭಾಷೆ, ಭಾವನೆ, ಸಂಯಮ ಎಲ್ಲವನ್ನೂ ಒಂದೇ ಹೊತ್ತಿಗೆ ದುಡಿಸುವ ಕಸರತ್ತು ಹರಟೆಯಷ್ಟು ಇನ್ನೊಂದು ಸಿಗುವುದು ಕಷ್ಟ. ಟಿವಿ ಮುಂದೆ ಕೂತರೆ ಉತ್ತರಿಸುವ ಅಗತ್ಯವೇ ಬೀಳುವುದಿಲ್ಲ.

ಇದನ್ನೇ ಒರೆಗೆ ಹಚ್ಚಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ನಡೆದ 'ಐ ಕನೆಕ್ಟ್' ಎಂಬ ಪ್ರಯೋಗದಲ್ಲಿ ಹೆಚ್ಚು ಜನಸಂಪರ್ಕವಿಲ್ಲದ, 75 ದಾಟಿದ 186 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಜೊತೆ ತರಬೇತಿ ಪಡೆದವರು ವಾರಕ್ಕೆ ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆ, ವಿಡಿಯೊ ಕರೆಯಲ್ಲಿ ಮಾತಾಡಿದರು. ಇನ್ನೊಂದು ಗುಂಪಿಗೆ ವಾರಕ್ಕೊಂದು ಚಿಕ್ಕ ಫೋನ್ ಕರೆ ಮಾತ್ರ. ಆರು ತಿಂಗಳ ನಂತರ ಪರೀಕ್ಷಿಸಿದಾಗ ಮಾತುಕತೆಯ ಗುಂಪಿನವರು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಮುಂದಿದ್ದರು. ವ್ಯತ್ಯಾಸ ದೊಡ್ಡದಲ್ಲ. ಆದರೆ ಅವರಿಗೆ ಕೊಟ್ಟಿದ್ದು ಮಾತ್ರೆಯಲ್ಲ, ಯಂತ್ರವಲ್ಲ, ಬರೀ ಮಾತು. ನನಗೆ ಈ ವಿಷಯದಲ್ಲಿ ತುಂಬಾ ಭರವಸೆ ಕೊಡುವ ಪ್ರಯೋಗ ಇದೇ.

ಒಡನಾಟದ ಪ್ರಯೋಜನ ಮಿದುಳಿನ ಕಸರತ್ತಿಗೇ ಮುಗಿಯುವುದಿಲ್ಲ. ಒಂಟಿತನ ಅನುಭವಿಸುವವರ ದೇಹ ಅಪಾಯದಲ್ಲಿರುವಂತೆ ಸದಾ ಎಚ್ಚರದಲ್ಲಿರುತ್ತದೆ. ನಿದ್ರೆ ತುಂಡು ತುಂಡಾಗುತ್ತದೆ, ಬಿಪಿ ಏರುತ್ತದೆ, ಮೊದಲೇ ಇದ್ದ ಉರಿಯೂತ ಹೆಚ್ಚುತ್ತದೆ. ಖಿನ್ನತೆ ಹತ್ತಿರವಾಗುತ್ತದೆ. ಇನ್ನು ದಿನಚರಿಯ ಮಾತು. ಒಬ್ಬರೇ ಇರುವವರು ಎಷ್ಟೋ ಸಲ ಸುಮ್ನೆ ಏನೋ ಒಂದು ತಿಂದು ಮಲಗಿಬಿಡುತ್ತಾರೆ. ಸ್ನಾಯುವಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಜೊತೆಗಾರರು ಬಾಗಿಲಲ್ಲಿ ನಿಂತು ಕರೆದರೆ ಮಾತ್ರ ಕಾಲು ಹೊರಗೆ ಬೀಳುತ್ತದೆ. ಮಾತ್ರೆ ತಪ್ಪಿದ್ದನ್ನು, ಮಾತು ತೊದಲಿದ್ದನ್ನು, ಬಟ್ಟೆ ಸಡಿಲವಾಗಿದ್ದನ್ನು ಮೊದಲು ಗಮನಿಸುವವರೂ ದಿನಾ ನೋಡುವವರೇ.

ಯಾರ ಜೊತೆ ಒಡನಾಟ?

ಗಂಡ ಅಥವಾ ಹೆಂಡತಿ, ಮಕ್ಕಳು, ಸ್ನೇಹಿತರು, ನೆರೆಯವರು ಎಲ್ಲರೂ ಬೇಕು. ಆದರೆ ಒಬ್ಬರು ಕೊಡುವುದನ್ನು ಇನ್ನೊಬ್ಬರು ಕೊಡಲಾರರು. ಆಸ್ಪತ್ರೆಗೆ ಕರೆದೊಯ್ಯಲು, ಹಣದ ವ್ಯವಹಾರಕ್ಕೆ ಮನೆಯವರೇ ಆಗಬೇಕು. ಸ್ನೇಹಿತರ ಜೊತೆಗಿನ ಮಾತಿನ ಹದವೇ ಬೇರೆ. ಅಲ್ಲಿ ಹಿರಿಯರು ರೋಗಿ ಅಲ್ಲ, ಸಮಾನರು. ಮಕ್ಕಳ ಜೊತೆಗಿನ ಮಾತು ಕಾಯಿಲೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ವಿಚಾರಣೆಯಾಗಿಬಿಡುತ್ತದೆ. "ಮಾತ್ರೆ ತಗೊಂಡ್ರಾ?" "ಶುಗರ್ ಎಷ್ಟಿತ್ತು?" "ನಿದ್ರೆ ಬಂತಾ?" ಪ್ರೀತಿಯಿಂದಲೇ ಕೇಳುವುದು. ಆದರೆ ಉತ್ತರ 'ಹೂಂ' 'ಉಹೂಂ'ಗಳಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ ಮಿದುಳಿನ ಕೆಲಸ ಯಾವುದೂ ಅಲ್ಲಿ ನಡೆಯುವುದಿಲ್ಲ. "ಈ ಫೋಟೊದಲ್ಲಿ ಇರೋರು ಯಾರಪ್ಪಾ?" "ಈ ಮನೆ ಕಟ್ಟಿಸುವಾಗ ದುಡ್ಡು ಹೇಗೆ ಹೊಂದಿಸಿದ್ರಿ ಅಮ್ಮಾ?" ಎಂದು ಕೇಳಿದರೆ ಹತ್ತು ನಿಮಿಷ ಮಾತು ಬೆಳೆಯುತ್ತದೆ.

ಸಹಾಯ ಅತಿಯಾದರೂ ತೊಂದರೆ. ಅಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಳ್ಳುತ್ತಾರೆ. ನಮಗೆ ಅವಸರ, ನಾವೇ ಹಾಕಿಬಿಡುತ್ತೇವೆ. ಅಮ್ಮ ಲೆಕ್ಕದಲ್ಲಿ ಒಮ್ಮೆ ತಪ್ಪಿದರು ಎಂದು ಪರ್ಸನ್ನೇ ತೆಗೆದಿಟ್ಟುಕೊಳ್ಳುತ್ತೇವೆ. ಮಾಡದ ಕೆಲಸ ಮರೆತುಹೋಗುತ್ತದೆ, ಬಳಸದ ಬೆರಳು ಬಿಗಿದುಕೊಳ್ಳುತ್ತದೆ. ಕಾಯಿಲೆ ಕಿತ್ತುಕೊಂಡಿದ್ದಕ್ಕಿಂತ ಜಾಸ್ತಿ ಶಕ್ತಿಯನ್ನು ಇಂಥ ಅಕ್ಕರೆಯೇ ಕಿತ್ತುಕೊಳ್ಳಬಹುದು. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರಾಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಪ್ರಯೋಗವನ್ನು 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ತೀರ್ಮಾನಿಸಿ, ಈ ಗಿಡವನ್ನು ನೀವೇ ನೋಡಿಕೊಳ್ಳಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದರಿಂದ ಹಿಡಿದು ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆ ಎಂದರು. ಕೆಲವೇ ವಾರಗಳಲ್ಲಿ ಹೊಣೆ ಹೊತ್ತವರು ಹೆಚ್ಚು ಚುರುಕಾಗಿ, ಹೆಚ್ಚು ಓಡಾಡಿಕೊಂಡು ಇದ್ದರು. ಸಂಬಂಧ ಎಂದರೆ ಪಡೆಯುವುದಷ್ಟೇ ಅಲ್ಲವಲ್ಲ. ತನ್ನಿಂದ ಯಾರಿಗೋ ಉಪಯೋಗವಿದೆ ಎಂದು ತಿಳಿದ ಹಿರಿಯರು ಬೆಳಗ್ಗೆ ಏಳುವ ರೀತಿಯೇ ಬೇರೆ.

ಎಲ್ಲ ಸಂಬಂಧವೂ ಒಳ್ಳೆಯದು ಮಾಡುತ್ತದೆ ಎಂದೂ ಅಲ್ಲ. ದಿನಾ ಹಂಗಿಸುವವರ, ಜಗಳವಾಡುವವರ, ಹಣಕ್ಕಾಗಿ ಪೀಡಿಸುವವರ ಜೊತೆಗಿನ ವಾಸ ಒಂಟಿತನಕ್ಕಿಂತ ಕೆಟ್ಟದಾಗಬಹುದು. ಆರೈಕೆ ಮಾಡುವ ಸಂಗಾತಿಯೂ ವಯಸ್ಸಾದವರೇ ಆಗಿದ್ದರೆ ಅವರೂ ಜನರಿಂದ ದೂರವಾಗುತ್ತಾ ಹೋಗುತ್ತಾರೆ. ಅವರನ್ನೂ ವಾರಕ್ಕೆ ಕೆಲವು ಗಂಟೆ ಬಿಡುವು ಮಾಡಿಕೊಟ್ಟು ಹೊರಗೆ ಕಳಿಸಬೇಕು.

ಯಾವುದು ಮೊದಲು: ಕುಗ್ಗಿದ್ದೋ, ದೂರವಾಗಿದ್ದೋ?

ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಒಡನಾಟ ಕಮ್ಮಿಯಾದವರು ಕುಗ್ಗುತ್ತಾರೆ. ಕುಗ್ಗಿದವರಿಗೆ ಮಾತು ಹಿಡಿಯುವುದು, ಹೆಸರು ನೆನಪಿಡುವುದು ಕಷ್ಟವಾಗಿ ಮುಜುಗರದಿಂದ ಹಿಂದೆ ಸರಿಯುತ್ತಾರೆ. ಹಿಂದೆ ಸರಿದ ಮೇಲೆ ಇನ್ನಷ್ಟು ಕುಗ್ಗುತ್ತಾರೆ. ಹಾಗಾಗಿ ಸದಾ ಜನರ ನಡುವೆ ಇರುತ್ತಿದ್ದವರು ಯಾವ ಕಾರಣವೂ ಇಲ್ಲದೆ ಒಂದೊಂದಾಗಿ ಎಲ್ಲವನ್ನೂ ಬಿಡತೊಡಗಿದರೆ, ಅದು ಬುದ್ಧಿ ಮಂಕಾಗುತ್ತಿರುವುದರ ಮೊದಲ ಸುಳಿವೂ ಆಗಿರಬಹುದು.

ಈ ಸುಳಿಯಲ್ಲಿ ಕಿವಿಯ ಪಾತ್ರ ದೊಡ್ಡದು. ಕಿವಿ ಮಂದವಾದವರು ಗುಂಪಿನಲ್ಲಿ ಮಾತು ಹಿಡಿಯಲಾಗದೆ ಸುಮ್ಮನೆ ನಗುತ್ತಾ ಕೂರುತ್ತಾರೆ. ಆಮೇಲೆ ಬರುವುದನ್ನೇ ಬಿಡುತ್ತಾರೆ. 2023ರಲ್ಲಿ ಪ್ರಕಟವಾದ 'ಅಚೀವ್' ಪ್ರಯೋಗದಲ್ಲಿ ಕಿವಿ ಮಂದವಾದ, 70ರಿಂದ 84 ವರ್ಷದ 977 ಹಿರಿಯರಲ್ಲಿ ಒಂದು ಗುಂಪಿಗೆ ಶ್ರವಣ ಸಾಧನ ಕೊಟ್ಟು, ಎಲ್ಲರನ್ನೂ ಮೂರು ವರ್ಷ ನೋಡಿದರು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಶ್ರವಣ ಸಾಧನದಿಂದ ಬುದ್ಧಿಶಕ್ತಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದರೆ ಹೃದಯ, ರಕ್ತನಾಳದ ತೊಂದರೆಯಂಥ ಅಪಾಯಗಳು ಜಾಸ್ತಿ ಇದ್ದವರಲ್ಲಿ, ಸಾಧನ ಪಡೆದವರ ಬುದ್ಧಿಶಕ್ತಿ ಕುಸಿಯುವ ವೇಗ ನೂರಕ್ಕೆ 48ರಷ್ಟು ತಗ್ಗಿತ್ತು. ದೀರ್ಘಕಾಲದ ಕಾಯಿಲೆ ಇರುವ ಹಿರಿಯರ ಕಿವಿಯನ್ನು ಯಾಕೆ ಪರೀಕ್ಷಿಸಲೇಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಕಣ್ಣಿನ ಪೊರೆ, ಕೂರದ ಹಲ್ಲಿನ ಸೆಟ್ಟು ಇವೂ ಜನರ ನಡುವೆ ಹೋಗದಂತೆ ಮಾಡುತ್ತವೆ.

ಮನೆಯಲ್ಲೇ ಗುರುತಿಸುವುದು ಹೇಗೆ?

ಸರಳ ಪರೀಕ್ಷೆಯೇ ಸಾಕಷ್ಟು ಹೇಳುತ್ತದೆ. ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 12 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಸ್ನಾಯು ಸೋತಿರಬಹುದು. ಇನ್ನೊಂದು, ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. ಅದಕ್ಕೂ 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಬೀಳುವ ಅಪಾಯವಿದೆ ಎಂದು ತಿಳಿಯುತ್ತಾರೆ. ನಡೆಯುವಾಗ ಮಾತಾಡಿಸಿದರೆ ನಿಂತೇ ಉತ್ತರಿಸುತ್ತಾರಾ? ಅದನ್ನೂ ಗಮನಿಸಿ. ನಡೆಯಲೇ ಮಿದುಳಿನ ಗಮನವೆಲ್ಲ ಬೇಕಾಗುತ್ತಿದೆ ಎಂದು ಅದರ ಅರ್ಥ.

ಬುದ್ಧಿಯ ಪರೀಕ್ಷೆಯನ್ನು ವೈದ್ಯರೇ ಮಾಡಬೇಕು. 'ಮೋಕಾ' ಎಂಬ 30 ಅಂಕಗಳ ಪರೀಕ್ಷೆಯಲ್ಲಿ 26ಕ್ಕಿಂತ ಕಮ್ಮಿ ಬಂದರೆ ಮುಂದೆ ನೋಡುತ್ತಾರೆ. ಓದು ಕಮ್ಮಿ ಇರುವವರಿಗೆ ಅಂಕ ಸಹಜವಾಗಿಯೇ ಕಮ್ಮಿ ಬರುತ್ತದೆ, ಅಷ್ಟಕ್ಕೇ ಗಾಬರಿ ಬೇಡ.

ಒಡನಾಟವನ್ನೂ ಅಳೆಯಬಹುದು. ಲಬ್ಬೆನ್ ಎಂಬ ಸಂಶೋಧಕರ ಹೆಸರಿನ ಅಳತೆಯಲ್ಲಿ ಆರು ಪ್ರಶ್ನೆಗಳಿವೆ. ತಿಂಗಳಿಗೆ ಒಮ್ಮೆಯಾದರೂ ಎಷ್ಟು ಜನ ಸಂಬಂಧಿಕರು ಸಿಗುತ್ತಾರೆ ಅಥವಾ ಮಾತಾಡುತ್ತಾರೆ? ಗುಟ್ಟಿನ ವಿಷಯ ಹೇಳಿಕೊಳ್ಳಬಹುದಾದವರು ಎಷ್ಟು ಜನ? ಕಷ್ಟಕ್ಕೆ ಕರೆಯಬಹುದಾದವರು ಎಷ್ಟು ಜನ? ಇದೇ ಮೂರನ್ನು ಸ್ನೇಹಿತರ ಬಗ್ಗೆಯೂ ಕೇಳುತ್ತಾರೆ. 30ಕ್ಕೆ 12ಕ್ಕಿಂತ ಕಮ್ಮಿ ಬಂದರೆ ಆ ವ್ಯಕ್ತಿ ಜನರಿಂದ ದೂರವಾಗುವ ಅಪಾಯದಲ್ಲಿದ್ದಾರೆ. ಈ ಪ್ರಶ್ನೆಗಳನ್ನು ನಿಮ್ಮ ಹಿರಿಯರ ಬಗ್ಗೆ ನೀವೇ ಊಹಿಸಿ ಉತ್ತರಿಸಬೇಡಿ. ಅವರನ್ನೇ ಕೇಳಿ.

ಏನು ಮಾಡಬಹುದು?

ಫಿನ್ಲೆಂಡಿನಲ್ಲಿ ಮಿಯಾ ಕಿವಿಪೆಲ್ಟೊ ಅವರ ತಂಡ 60ರಿಂದ 77 ವರ್ಷದ, ಅಪಾಯ ಜಾಸ್ತಿ ಇದ್ದ 1,260 ಜನರ ಮೇಲೆ ಎರಡು ವರ್ಷ ಪ್ರಯೋಗ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಆಹಾರ, ವ್ಯಾಯಾಮ, ಮಿದುಳಿನ ತರಬೇತಿ, ಬಿಪಿ ಶುಗರ್‌ಗಳ ನಿಗಾ ಇಷ್ಟನ್ನೂ ಒಟ್ಟಿಗೆ ಕೊಟ್ಟರು. ಇದರಲ್ಲಿ ಬಹಳಷ್ಟು ನಡೆದದ್ದು ಗುಂಪಿನಲ್ಲಿ. ಬರೀ ಸಲಹೆ ಪಡೆದವರಿಗಿಂತ ಇವರ ಬುದ್ಧಿಶಕ್ತಿ ಚೆನ್ನಾಗಿ ಉಳಿಯಿತು. ಒಂದನ್ನೇ ಹಿಡಿದು ಕೂರದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವುದು ಕೆಲಸಕ್ಕೆ ಬರುತ್ತದೆ ಎಂದು ಇದರಿಂದ ಗೊತ್ತಾಯಿತು.

ಹಾಗಾಗಿ ವ್ಯಾಯಾಮವನ್ನು ಒಬ್ಬರೇ ಮಾಡುವ ಬದಲು ಜೊತೆಗಾರರೊಂದಿಗೆ ಮಾಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ, ಜೊತೆಗೆ 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲ ಮತ್ತು ಸ್ನಾಯುಬಲದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟು ಆಗದವರು ಆದಷ್ಟು ಮಾಡಲಿ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದರೆ ಮಿತಿಯನ್ನು ವೈದ್ಯರಿಂದ ಕೇಳಿಕೊಳ್ಳಿ. ಊಟದಲ್ಲಿ ಪ್ರೋಟೀನ್ ಇರಲಿ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದರ ಅಳತೆ ಬೇರೆ.

ಒಡನಾಟವನ್ನು ಮತ್ತೆ ಕಟ್ಟುವಾಗ ಸಣ್ಣದರಿಂದ ಶುರು ಮಾಡಬೇಕು. ವರ್ಷಗಟ್ಟಲೆ ಮನೆಯೊಳಗಿದ್ದವರನ್ನು ಒಮ್ಮೆಲೇ ನೂರು ಜನರ ಸಮಾರಂಭಕ್ಕೆ ಕರೆದೊಯ್ದರೆ ಅವರು ಇನ್ನಷ್ಟು ಮುದುಡುತ್ತಾರೆ. ಹಳೆಯ ಸ್ನೇಹಿತರೊಬ್ಬರಿಗೆ ಫೋನ್ ಹಚ್ಚಿಕೊಡಿ. ವಾರದ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಮನೆಯಲ್ಲಿ ಅವರದೇ ಎನ್ನುವ ಒಂದು ಹೊಣೆ ಇರಲಿ, ತರಕಾರಿ ಬಿಡಿಸುವುದೋ ಮೊಮ್ಮಗುವಿಗೆ ಓದಿ ಹೇಳುವುದೋ. ನಿಧಾನವಾದರೂ ಅವರೇ ಮುಗಿಸಲಿ. ಪದ ಸಿಗದೆ ತಡವರಿಸಿದಾಗ ಬಾಯಿಂದ ಕಸಿದು ಹೇಳಬೇಡಿ. ಒಂದು ಕ್ಷಣ ಕಾಯಿರಿ. ಟಿವಿ ಆರಿಸಿ, ಎದುರು ಕೂತು, ಮುಖ ಕಾಣುವಂತೆ ಮಾತಾಡಿ.

ವೈದ್ಯರ ಬಳಿ ಹೋಗುವಾಗ

ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೇರೆ ಬೇರೆ ವೈದ್ಯರು ಬರೆದದ್ದು, ಅಂಗಡಿಯಲ್ಲಿ ಕೇಳಿ ತಂದದ್ದು, ಬೇರೆ ಪದ್ಧತಿಯ ಔಷಧ ಎಲ್ಲವೂ ಇರಲಿ. ಯಾವುದು ಈಗಲೂ ಬೇಕು, ಯಾವುದು ಬೇಡ ಎಂದು ಕೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬಿ12, ಥೈರಾಯ್ಡ್, ಕಿವಿ, ಕಣ್ಣು, ಖಿನ್ನತೆ ಇಷ್ಟನ್ನು ನೋಡಿದ್ದಾರಾ ಎಂದು ವಿಚಾರಿಸಿ. ತೂಕ ಎಷ್ಟು ಇಳಿದಿದೆ, ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ, ಯಾವ ಕೆಲಸ ಬಿಟ್ಟಿದ್ದಾರೆ, ಯಾರನ್ನು ನೋಡುವುದು ಬಿಟ್ಟಿದ್ದಾರೆ ಎಂದು ಬರೆದುಕೊಂಡು ಹೋದರೆ ವೈದ್ಯರ ಕೆಲಸ ಸುಲಭವಾಗುತ್ತದೆ. ಪ್ರಶ್ನೆಗಳಿಗೆ ಹಿರಿಯರೇ ಉತ್ತರಿಸಲಿ, ಬಿಟ್ಟುಹೋದದ್ದನ್ನು ನೀವು ಆಮೇಲೆ ಸೇರಿಸಿ.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಕಾಗ್ನಿಟಿವ್ ಫ್ರೇಲ್ಟಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುವಂಥದ್ದು. ನಿನ್ನೆ ಸರಿಯಿದ್ದವರು ಇವತ್ತು ಹೊತ್ತು, ಜಾಗ, ಜನರ ಗುರುತು ತಪ್ಪಿದರೆ, ಇದ್ದಕ್ಕಿದ್ದಂತೆ ಮಂಪರಿಗೆ ಜಾರಿದರೆ ಅಥವಾ ಇಲ್ಲದ್ದನ್ನು ಕಂಡಂತೆ ಆಡಿದರೆ ಅದು ಬೇರೆಯದೇ ತುರ್ತು. ಸೋಂಕು, ಸೋಡಿಯಂ ಏರುಪೇರು, ಶುಗರ್ ಇಳಿದಿರುವುದು, ಹೊಸ ಔಷಧದ ಪರಿಣಾಮ, ಪಾರ್ಶ್ವವಾಯು ಯಾವುದೂ ಆಗಿರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಕೂಡಲೇ ಶುಗರ್ ನೋಡಿ, ಆ ಅಂಕಿಯನ್ನೂ ಮಾತ್ರೆಯ ಚೀಲವನ್ನೂ ತೆಗೆದುಕೊಂಡು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.